ಅಮೋಗಿ ಚೈನ್‌ವೀಲ್ ತಂದದ್ದು

ಹೇಳಿದ ಮಾತು ಕೇಳದ ಮಕ್ಕಳು ಯಾವ ಊರಲ್ಲಿಲ್ಲ ಹೇಳಿ? ಹಿರೇಜೋಳಗಿಯ ಶಾವಂತ್ರವ್ವನ ಕಷ್ಟ ಅದಲ್ಲ. ಅವಳ ಮಗ ಅಮೋಗಿ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಒಂದಕ್ಷರ ಬಿಡದೆ ಕೇಳುತ್ತಿದ್ದ. ಕೇಳಿದ ಹಾಗೆಯೇ ಮಾಡುತ್ತಿದ್ದ. ಅದೇ ಆಕೆಯ ಹಣೆಬರಹ.

ಆಳು ನೋಡಿದರೆ ಆರಡಿ, ವಯಸ್ಸು ಇಪ್ಪತ್ತನಾಲ್ಕು. ಕ್ವಿಂಟಲ್ ಜೋಳದ ಚೀಲವನ್ನು ಒಬ್ಬನೇ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಅಂಗಳದಲ್ಲಿ ಜೋಳ ಹರವಿ, ಕೋಳಿ ಬಂದರೆ ಓಡಿಸು ಎಂದು ಅವ್ವ ಅವನನ್ನು ಕಾವಲಿಗೆ ಕೂರಿಸಿದಳು. ಕೋಳಿ ಬಂದವು, ಓಡಿಸಿದ. ಆಮೇಲೆ ಪಕ್ಕದ ಮನೆಯ ಆರು ಆಡು ಬಂದವು. ಅಮೋಗಿ ಒಂದಿಷ್ಟು ಸರಿದು ಅವುಗಳಿಗೆ ಜಾಗ ಬಿಟ್ಟು ಕೂತ. ಸಂಜೆ ಅವ್ವ ಎದೆ ಬಡಿದುಕೊಂಡರೆ, ಒಂದು ಕಾಳನ್ನೂ ಕೋಳಿ ಮುಟ್ಟಿಲ್ಲ ಎಂದು ದೇವರ ಆಣೆ ಮಾಡಿ ಹೇಳಿದ. ಸುಳ್ಳೇನೂ ಅಲ್ಲವಲ್ಲ.

ಶಾವಂತ್ರವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಸಂಸಾರ ತೂಗಿಸುವವಳು. ಮಗನನ್ನು ದಿನಕ್ಕೆ ಹತ್ತು ಸಲ ಬೈಯುವಳು. ಆದರೆ ಊರವರು ಯಾರಾದರೂ ಪೆದ್ದ ಅಂದರೆ ಮಾತ್ರ ಲಟ್ಟಣಿಗೆ ಹಿಡಿದು ಹೊರಗೆ ಬರುವಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಮ್ಮನೆಯೇ?

ಅಮೋಗಿಯ ತಂಗಿ ಸಾಬವ್ವ ಎಂಟನೇ ಇಯತ್ತೆ. ಅವಳು ಅಣ್ಣನ ಪಾಲಿನ ಬುದ್ಧಿಯನ್ನೂ ಸೇರಿಸಿಕೊಂಡು ಹುಟ್ಟಿದ್ದಾಳೆ ಎಂದು ಊರಿನವರ ಲೆಕ್ಕ. ವಿಜಾಪುರದ ಸೀಮೆಯಲ್ಲಿ ಸೈಕಲ್ ರೇಸೆಂದರೆ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರಿಗೂ ಹುಚ್ಚು. ಆ ಹುಚ್ಚು ಈ ಹುಡುಗಿಗೂ ಹತ್ತಿತ್ತು. ರೇಸು ಬಿಟ್ಟ ಒಬ್ಬ ಸೈಕಲ್ ಪೈಲವಾನ ತನ್ನ ಹಳೆಯ ಗೇರಿನ ಸೈಕಲ್ಲನ್ನು ಅವಳಿಗೆ ಕೊಟ್ಟಿದ್ದ. ಬರುವ ಭಾನುವಾರ ಬೆಳಿಗ್ಗೆ ವಿಜಾಪುರದ ರಸ್ತೆಯಲ್ಲಿ ಹುಡುಗಿಯರ ರೇಸು. ಮೊದಲು ಬಂದ ಐದು ಮಂದಿಗೆ ಸೈಕಲ್ ಹಾಸ್ಟೆಲಿನಲ್ಲಿ ಜಾಗ. ಊಟ, ಶಾಲೆ, ಕಲಿಸುವ ಗುರುಗಳು, ಎಲ್ಲ ಅಲ್ಲೇ. ಮುಂದಿನ ವರ್ಷಕ್ಕೆ ಸಾಬವ್ವನ ವಯಸ್ಸು ಮೀರುತ್ತಿತ್ತು. ಈ ಸಲ ಆದರೆ ಆಯಿತು, ಇಲ್ಲವಾದರೆ ಇಲ್ಲ.

ಮಂಗಳವಾರ ಅಭ್ಯಾಸಕ್ಕೆ ಹೋದ ಹುಡುಗಿ ಮೊಣಕಾಲು ಕೆತ್ತಿಸಿಕೊಂಡು ಬಂದಳು. ಜೋರಾಗಿ ತುಳಿದರೆ ಚೈನು ಜಾರುತ್ತದೆ ಎಂದಳು. ಬಸ್‌ಸ್ಟ್ಯಾಂಡಿನ ಸೈಕಲ್ ಮೇಸ್ತ್ರಿ ದಸ್ತಗೀರ ಪೆಡಲ್ ತಿರುಗಿಸಿ ನೋಡಿ ನಾಲಿಗೆ ಚಪ್ಪರಿಸಿದ. ಪೆಡಲಿನ ಕೈಗೆ ಬೋಲ್ಟು ಹಾಕಿ ಕೂರಿಸಿದ ಹಲ್ಲಿನ ಚಕ್ರ ಇದೆಯಲ್ಲ, ಚೈನ್‌ವೀಲು, ಅದು ಸವೆದು ಹೋಗಿತ್ತು. ಹಲ್ಲುಗಳು ಹಳೆಯ ಕುಡುಗೋಲಿನ ಹಾಗೆ ಬಾಗಿದ್ದವು, ಎರಡು ಮುರಿದೇ ಹೋಗಿದ್ದವು. ಹೊಸದು ಹಾಕದೆ ರೇಸಿಗೆ ಇಳಿಸಬೇಡಿ ಎಂದ. ಅದು ಸಿಗುವುದು ವಿಜಾಪುರದ ಧನ್ಯಕುಮಾರ ಸಾವಕಾರರ ಅಂಗಡಿಯಲ್ಲಿ. ರೇಸಿನ ವಾರವಾದ್ದರಿಂದ ದಸ್ತಗೀರನ ಮುಂದೆ ಹದಿನೆಂಟು ಸೈಕಲ್ಲು ಬಿದ್ದಿದ್ದವು, ಅವನು ಏಳುವ ಹಾಗಿಲ್ಲ. ಶಾವಂತ್ರವ್ವನಿಗೆ ಮದುವೆ ಮನೆಯ ರೊಟ್ಟಿ, ಆಕೆಯೂ ಏಳುವ ಹಾಗಿಲ್ಲ.

"ನನ್ನ ತಂಗೀದು, ನಾನಽ ತರ್ತೀನಿ" ಎಂದು ಅಮೋಗಿ ಎದ್ದು ನಿಂತ. ಬೇರೆ ಗತಿ ಇರಲಿಲ್ಲ.

ದಸ್ತಗೀರ ಹಳೆಯ ಚಕ್ರ ಬಿಚ್ಚಿ ಕೊಟ್ಟ. ಶಾವಂತ್ರವ್ವ ಅದನ್ನು ಅರಿವೆಯಲ್ಲಿ ಕಟ್ಟಿ ಮಗನ ಕೈಗಿತ್ತು, ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಹೇಳಿದಳು. "ಇದು ಹೆಂಗೈತಿ, ಹಂಗಽ ಇರೋದು ತಗೊಂಡ ಬರಬೇಕು ನೋಡಪಾ. ಒಂದೀಟೂ ಫರಕ ಇರಬಾರದು."

ಬುಧವಾರ ಅಮೋಗಿ ವಿಜಾಪುರಕ್ಕೆ ಹೋದ. ಸಾವಕಾರರು ಹಳೆಯದನ್ನು ತಿರುಗಿಸಿ ನೋಡಿ, ಡಬ್ಬಿಯಿಂದ ಹೊಸ ಚೈನ್‌ವೀಲ್ ತೆಗೆದು ಮುಂದಿಟ್ಟರು. ಅಮೋಗಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ತಲೆ ಅಲ್ಲಾಡಿಸಿದ. ಇದು ಹೊಳೆಯುತ್ತದೆ, ನಮ್ಮದು ಕರ್ರಗಿದೆ. ಇದರ ಹಲ್ಲು ನೆಟ್ಟಗಿವೆ, ನಮ್ಮದರವು ಸೊಟ್ಟ. ಸಾವಕಾರರು ಇನ್ನೊಂದು ತೆಗೆದರು. ಅದೂ ಹೊಳೆಯಿತು. ಮತ್ತೊಂದು ತೆಗೆದರು, ಅದೂ ನೆಟ್ಟಗಿತ್ತು. ಇಡೀ ಅಂಗಡಿಯಲ್ಲಿ ಒಂದೂ ಸೊಟ್ಟ ಹಲ್ಲಿನದು ಇಲ್ಲದ್ದು ನೋಡಿ ಅಮೋಗಿಗೆ ಸಾವಕಾರರ ವ್ಯಾಪಾರದ ಬಗ್ಗೆ ಮರುಕ ಬಂತು.

ಅಷ್ಟರಲ್ಲಿ ಅಂಗಡಿಯ ಹಿಂದೆ ಗುಜರಿಗೆ ಹಾಕಲು ಗುಡ್ಡೆ ಮಾಡಿದ ಹಳೆಯ ಸಾಮಾನು ಕಣ್ಣಿಗೆ ಬಿತ್ತು. ಎರಡು ತಾಸು ಹುಡುಕಿದ. ಸಿಕ್ಕಿತು! ಅದೇ ಕಪ್ಪು, ಅದೇ ಜಿಡ್ಡು, ಅದೇ ಸೊಟ್ಟ ಹಲ್ಲು. ಆದರೆ ಅದರಲ್ಲಿ ಒಂದೇ ಹಲ್ಲು ಮುರಿದಿತ್ತು, ತಮ್ಮದರಲ್ಲಿ ಎರಡು. ಫರಕು ಇರಬಾರದಲ್ಲ? ಸಾವಕಾರರ ಹತ್ತಿರ ಸುತ್ತಿಗೆ ಇಸಿದುಕೊಂಡು ಇನ್ನೊಂದು ಹಲ್ಲನ್ನು ತಾನೇ ಮುರಿದ. ಸಾವಕಾರರು ಇಂಥವನ ಸಂಗಡ ಮಾತು ಬೇಡವೆಂದು ಅದನ್ನು ಪುಕ್ಕಟೆ ಕೊಟ್ಟು ಕೈಮುಗಿದರು.

ಸಂಜೆ ಅಮೋಗಿ ಎರಡು ಚಕ್ರಗಳನ್ನೂ ಅವ್ವನ ಮುಂದಿಟ್ಟು, ಇದರಲ್ಲಿ ನಮ್ಮದು ಯಾವುದು ಹೇಳು ನೋಡೋಣ ಎಂದ. ಶಾವಂತ್ರವ್ವನಿಗೆ ಗೊತ್ತಾಗಲಿಲ್ಲ. ದಸ್ತಗೀರನನ್ನು ಕರೆಸಿದರು. ಮೂವತ್ತು ವರ್ಷದ ಮೇಸ್ತ್ರಿ, ಅವನಿಗೂ ಗೊತ್ತಾಗಲಿಲ್ಲ. ಅಮೋಗಿ ಎದೆ ಉಬ್ಬಿಸಿ ನಿಂತ.

ಆಮೇಲೆ ಬಿದ್ದ ಬೈಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಬೈದು ಬೈದು ದಣಿದ ಮೇಲೆ ಅವ್ವ ಹೊಸ ಬುದ್ಧಿ ಹೇಳಿದಳು. ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ನೋಡಬೇಡ, ಹೊಸದೇ ತರಬೇಕು, ಎಣಿಸಿ ತರಬೇಕು. "ತೂತು ಐದು, ಹಲ್ಲು ನಲವತ್ತಾರು. ಒಂದು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ತಿಳೀತಿಲ್ಲೋ?"

"ತಿಳೀತಬೇ" ಎಂದ ಅಮೋಗಿ. ಹಾಗೆಂದಾಗಲೆಲ್ಲ ಶಾವಂತ್ರವ್ವ ದೇವರ ಮುಂದೆ ಒಂದು ಊದಿನಕಡ್ಡಿ ಹೆಚ್ಚು ಹಚ್ಚುತ್ತಿದ್ದಳು.

ಗುರುವಾರ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಐದು, ನಲವತ್ತಾರು, ಐದು, ನಲವತ್ತಾರು ಎಂದು ಜಪ ಮಾಡಿದ. ಪಕ್ಕದಲ್ಲಿ ಕೂತ ಮುದುಕಿ ಯಾವುದೋ ಮಂತ್ರವೆಂದು ತಾನೂ ಎರಡು ಸಲ ಹೇಳಿಕೊಂಡಳು. ಅಂಗಡಿಯಲ್ಲಿ ಸಾವಕಾರರು ಅವನನ್ನು ಕಂಡವರೇ ನಿನ್ನೆಯ ಹೊಸ ಚಕ್ರವನ್ನು ಮತ್ತೆ ಮುಂದಿಟ್ಟರು. ಅಮೋಗಿ ಸುಣ್ಣದ ಚೂರಿನಿಂದ ಗುರುತು ಹಾಕಿ ಹಲ್ಲು ಎಣಿಸಿದ. ನಲವತ್ತಾರು, ಸರಿ. ತೂತು ಎಣಿಸಿದ. ಬೋಲ್ಟಿನ ತೂತು ಐದು. ನಡುವೆ ಇನ್ನೊಂದು ದೊಡ್ಡದು. ಒಟ್ಟು ಆರು.

"ಆರದಾವ್ರಿ" ಎಂದು ತಳ್ಳಿದ.

ನಡುವಿನದನ್ನು ಎಣಿಸಬಾರದಪ್ಪಾ, ಅದು ಲೆಕ್ಕಕ್ಕಿಲ್ಲ ಎಂದರು ಸಾವಕಾರರು.

"ಯಾಕ್ರಿ? ಎಲ್ಲಾದಕ್ಕಿಂತ ದೊಡ್ಡ ತೂತು ಅದಽ ಐತಿ. ನನ್ನ ಮುಷ್ಟಿ ಹೋಗ್ತೈತ್ರಿ" ಎಂದು ಕೈ ತೂರಿಸಿ ತೋರಿಸಿದ. ಸಾವಕಾರರು ಬೋಲ್ಟು ತೋರಿಸಿದರು, ಪೆಡಲಿನ ಕೈ ತೋರಿಸಿದರು, ಗಿರಾಕಿಗಳನ್ನು ಸಾಕ್ಷಿಗೆ ಕರೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವ್ವ ಐದು ಅಂದಿದ್ದಾಳೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಕೊನೆಗೆ ಅವನೇ ಹುಡುಕಿ ತೆಗೆದ. ಬೇರೆ ನಮೂನೆಯ ಸೈಕಲ್ಲಿನ ಚಕ್ರ. ಬೋಲ್ಟಿನ ತೂತು ನಾಲ್ಕು, ನಡುವಿನದು ಒಂದು. ಹಲ್ಲು ನಲವತ್ತಾರು. ಇದು ನಿಮಗೆ ಕೂಡುವುದಿಲ್ಲ, ಬೇಕಾದರೆ ತಿರುಗಿ ತಂದು ಕೊಡು ಎಂದು ಸಾವಕಾರರು ಹೇಳುತ್ತಲೇ ಇದ್ದರು.

ದಸ್ತಗೀರ ಅದನ್ನು ಸೈಕಲ್ಲಿಗೆ ಹಿಡಿದು ನೋಡಿದ. ಪೆಡಲಿನ ಬುಡದಲ್ಲಿ ಐದು ಕೈ ಚಾಚಿಕೊಂಡಿವೆ, ಚಕ್ರದಲ್ಲಿ ನಾಲ್ಕೇ ತೂತು. ಶಾವಂತ್ರವ್ವ ಒಂದು, ಎರಡು, ಮೂರು, ನಾಲ್ಕು ಎಂದು ಬೆರಳಿಟ್ಟು ಎಣಿಸಿ ಮಗನ ಮುಖ ನೋಡಿದಳು. ಮಗ ಅವಳ ಬೆರಳು ಹಿಡಿದು ನಡುವಿನ ತೂತಿನೊಳಗೆ ಇಟ್ಟು, "ಐದು" ಎಂದ.

ಸಾಬವ್ವ ಕಿಸಕ್ಕನೆ ನಕ್ಕಳು. ನಕ್ಕವಳು ಸೈಕಲ್ಲಿನ ಖಾಲಿ ಪೆಡಲನ್ನು ಒಮ್ಮೆ ತಿರುಗಿಸಿ ಬಿಟ್ಟಳು. ಎರಡು ದಿನದಿಂದ ಅವಳು ಸೈಕಲ್ ತುಳಿದಿರಲಿಲ್ಲ. ಕಾಲಿನ ಕಸುವು ಹೋಗಬಾರದೆಂದು ಬೆಳಿಗ್ಗೆ ಸಂಜೆ ಹೊಲದ ದಾರಿಯಲ್ಲಿ ಓಡುತ್ತಿದ್ದಳು. ಅಣ್ಣನಿಗೆ ಮಾತ್ರ ಒಂದು ಬಿರುಸು ಮಾತು ಆಡಿರಲಿಲ್ಲ. ಅದನ್ನು ಕಂಡ ಶಾವಂತ್ರವ್ವ ರಾತ್ರಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು.

ಈ ಸಲ ಬುದ್ಧಿ ಹೇಳಿದವನು ದಸ್ತಗೀರ. ಎಣಿಸುವುದನ್ನೂ ಬಿಡಿಸಿದ. ಐದೇ ತೂತಿದ್ದರೂ ತೂತಿನಿಂದ ತೂತಿಗೆ ಅಂತರ ಬೇರೆ ಇದ್ದರೆ ಕೂಡುವುದಿಲ್ಲ, ಕೆಲವು ದೊಡ್ಡ ಸುತ್ತಿನವು, ಕೆಲವು ಸಣ್ಣ ಸುತ್ತಿನವು ಎಂದು ನೆಲದ ಮೇಲೆ ಗೀಚಿ ತೋರಿಸಿದ. ಅಮೋಗಿ ಗೀಚಿದ್ದನ್ನು ಬಿಟ್ಟು ದಸ್ತಗೀರನ ಬೆರಳನ್ನೇ ನೋಡುತ್ತಿದ್ದ. ದಸ್ತಗೀರ ನಿಟ್ಟುಸಿರುಬಿಟ್ಟ.

"ಇಲ್ಲಿ ಕೇಳೋ ತಮ್ಮಾ. ಏನ ಕೊಡಲಿ, ನಮ್ಮ ಹಳೇ ಚಕ್ರದ ಮ್ಯಾಲ ಇಟ್ಟ ನೋಡು. ಸರಿಯಾಗಿ ಕುಂತರ ತಗೊಂಡ ಬಾ. ಕೂಡಲಿಲ್ಲಂದ್ರ ಅಲ್ಲೇ ಬಿಟ್ಟ ಬಾ. ಇಷ್ಟಽ."

ಶುಕ್ರವಾರ ಅಂಗಡಿಗೆ ವಾರದ ರಜೆ. ಶನಿವಾರ ನಸುಕಿಗೇ ಶಾವಂತ್ರವ್ವ ಮಗನಿಗೆ ಬುತ್ತಿ ಕಟ್ಟಿ ಕಳಿಸಿ, ರೊಟ್ಟಿ ಬಡಿಯಲು ಕೂತಳು. ಕೈ ರೊಟ್ಟಿಯ ಮೇಲೆ, ಜೀವ ಬಸ್ಸಿನ ಮೇಲೆ.

ಬಸ್ಸಿನಲ್ಲಿ ಅಮೋಗಿ ಬುತ್ತಿ ಬಿಚ್ಚಿದ. ರೊಟ್ಟಿಯನ್ನು ಹಳೆಯ ಚಕ್ರದ ಮೇಲೆ ಇಟ್ಟು ನೋಡಿದ. ಅಂಚಿಗೆ ಅಂಚು ಕೂತಿತು, ತಿಂದ. ಎಣ್ಣೆಗಾಯಿಯನ್ನು ಇಟ್ಟು ನೋಡಿದ. ಉರುಳಿತು, ಪಕ್ಕದವನಿಗೆ ಕೊಟ್ಟುಬಿಟ್ಟ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಇದನ್ನೆಲ್ಲ ನೋಡುತ್ತ ಅಲ್ಲೇ ನಿಂತುಬಿಟ್ಟಿದ್ದ.

ಸಾವಕಾರರು ಅವನನ್ನು ಕಂಡು ಕುರ್ಚಿಯಿಂದ ಎದ್ದರು. ನಾಲ್ಕು ತೂತಿನದನ್ನು ತಿರುಗಿ ಪಡೆದರು, ಐದು ತೂತಿನದನ್ನು ಕೊಟ್ಟರು. ಅಮೋಗಿ ಹಳೆಯದನ್ನು ಕೆಳಗಿಟ್ಟು, ಹೊಸದನ್ನು ಮೇಲಿಟ್ಟ. ತೂತಿನ ಮೇಲೆ ತೂತು, ಹಲ್ಲಿನ ಮೇಲೆ ಹಲ್ಲು. ಕೂತಿತು! ಸಾವಕಾರರು ಸಂತೋಷಕ್ಕೆ ಅವನಿಗೆ ಚಹಾ ತರಿಸಿದರು. ಹೊಸದು ಹಳೆಯದಕ್ಕಿಂತ ಒಂದು ಕೂದಲು ದಪ್ಪ, ನಿಮ್ಮ ಹಳೆಯ ಬೋಲ್ಟು ಮುಟ್ಟುವುದಿಲ್ಲ, ಇವನ್ನೂ ಒಯ್ಯಿ ಎಂದು ಐದು ಹೊಸ ಬೋಲ್ಟುಗಳ ಪೊಟ್ಟಣ ಕೊಟ್ಟು ಬೇರೆ ಗಿರಾಕಿಯ ಕಡೆ ತಿರುಗಿದರು.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ದಸ್ತಗೀರ ಹದಿನೆಂಟು ಸೈಕಲ್ಲನ್ನೂ ಬದಿಗಿಟ್ಟು ಚಕ್ರವನ್ನು ಪೆಡಲಿನ ಕೈಗಳಿಗೆ ಹಿಡಿದ. ಐದಕ್ಕೆ ಐದು ಸರಿಯಾಗಿ ಕೂಡಿತು. ಶಾವಂತ್ರವ್ವ ಹಿಟ್ಟಿನ ಕೈಯಲ್ಲೇ ದೇವರಿಗೆ ಕೈಮುಗಿದಳು. ದಸ್ತಗೀರ ಹಳೆಯ ಬೋಲ್ಟು ಹಾಕಿ ತಿರುಗಿಸಿದ. ತಿರುಗಿಸಿದ, ತಿರುಗಿಸಿದ, ಹಿಡಿಯಲಿಲ್ಲ. ಹೊಸ ಬೋಲ್ಟು ಕೊಡಲಿಲ್ಲವೇ ಎಂದು ಕೇಳಿದ.

"ಕೊಟ್ಟಿದ್ರು" ಎಂದ ಅಮೋಗಿ. "ಒಂದೊಂದಽ ಹಳೇ ಚಕ್ರದ ಮ್ಯಾಲ ಇಟ್ಟ ನೋಡಿದೆ. ಉರುಳ್ಯಾಡಿ ಬಿದ್ದುವು, ಕೂಡಲಿಲ್ಲ. ಐದೂ ಅಲ್ಲೇ ಬಿಟ್ಟ ಬಂದೆ."

ದಸ್ತಗೀರ ಪಾನಾ ಕೆಳಗಿಟ್ಟ. ಸಾಬವ್ವ ಎದ್ದು ಹಿತ್ತಲಿಗೆ ಹೋದಳು. ಹೋಗಿ ಗೋಡೆಗೆ ಮುಖ ಮಾಡಿ ನಿಂತದ್ದು ಶಾವಂತ್ರವ್ವನಿಗೆ ಕಂಡಿತು. ಆಕೆಯ ಸಹನೆಯ ಕಟ್ಟೆ ಅಲ್ಲಿಗೆ ಒಡೆಯಿತು. ಎಂದೂ ಆಡದ ಮಾತು ಬಾಯಿಗೆ ಬಂತು. "ನಿನ್ನ ಹಡೆಯೋ ಬದ್ಲಿ ಒಂದ ಒಳಕಲ್ಲ ಹಡದಿದ್ರ ಖಾರ ಕುಟ್ಟಾಕರ ಬರ್ತಿತ್ತು! ಒಂದ ಸಾಮಾನಂದ್ರ ಅದೊಂದಽ ಏನಲೇ? ಅದಕ್ಕ ಸೇರಿದ್ದು ಏನೇನೈತಿ, ಎಲ್ಲಾ ಅದರ ಸಂಗಾಟ ಹೋಗಬೇಕು, ಅದರ ಸಂಗಾಟ ಬರಬೇಕು. ಒಂದೂ ಹಿಂದ ಉಳೀಬಾರದು!"

"ತಿಳೀತಬೇ" ಎಂದ ಅಮೋಗಿ ಮೆಲ್ಲಗೆ. ಅವನ ಕಣ್ಣಲ್ಲಿ ನೀರಿತ್ತು. ಒಳಕಲ್ಲಿನ ಮಾತು ಆಡಬಾರದಿತ್ತು ಎಂದು ಶಾವಂತ್ರವ್ವ ಅಡುಗೆಮನೆಗೆ ಹೋಗಿ ತನ್ನ ಹಣೆ ತಾನೇ ಚಚ್ಚಿಕೊಂಡಳು. ಇನ್ನು ವಿಜಾಪುರಕ್ಕೆ ಹೋಗಿ ಬರಲು ಹೊತ್ತಿರಲಿಲ್ಲ.

ಆದರೆ ಸಾವಕಾರರು ಸಾವಕಾರರೇ. ಗಲ್ಲಾದ ಪಕ್ಕ ಸಾಲಾಗಿ ಮಲಗಿದ್ದ ಐದು ಬೋಲ್ಟುಗಳನ್ನು ಕಂಡವರು, ಪೊಟ್ಟಣ ಕಟ್ಟಿ ಓಡುತ್ತ ವಿಜಾಪುರದ ಬಸ್‌ಸ್ಟ್ಯಾಂಡಿಗೆ ಹೋಗಿ ಹಿರೇಜೋಳಗಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಿದ್ದರು. ಹೆಸರು ಗೊತ್ತಿಲ್ಲ, ಆರಡಿ ಆಳು, ಏನು ಕೊಟ್ಟರೂ ಚಕ್ರದ ಮೇಲಿಟ್ಟು ನೋಡುತ್ತಾನೆ ಎಂದಿದ್ದರಂತೆ. ಎಣ್ಣೆಗಾಯಿ ಉರುಳಿದ್ದನ್ನು ನೋಡಿದ ಕಂಡಕ್ಟರನಿಗೆ ಬೇರೆ ವಿಳಾಸ ಬೇಕಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಬಸ್ಸು ಬಂತು, ಪೊಟ್ಟಣ ಬಂತು, ದಸ್ತಗೀರ ಐದೂ ಬೋಲ್ಟನ್ನು ಬಿಗಿದ.

ಭಾನುವಾರ ಶಾವಂತ್ರವ್ವ ರಸ್ತೆಯ ಬದಿಯಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಮೂವತ್ತೆರಡು ಹುಡುಗಿಯರು. ಕೊನೆಯ ಏರಿನಲ್ಲಿ ಸಾಬವ್ವ ಒಂಬತ್ತನೆಯವಳು. ಸೀಟಿನಿಂದ ಎದ್ದು ನಿಂತು ತುಳಿದಳು. ಚೈನು ಜಾರುವುದಿದ್ದರೆ ಅಲ್ಲೇ ಜಾರಬೇಕಿತ್ತು. ಜಾರಲಿಲ್ಲ. ನಾಲ್ಕನೆಯವಳಾಗಿ ಗೆರೆ ದಾಟಿದಳು. ಹಾಸ್ಟೆಲಿನ ಗುರುಗಳು ಹೆಸರು ಬರೆದುಕೊಂಡು, ಶುಕ್ರವಾರ ಗಂಟುಮೂಟೆ ಸಮೇತ ಬಾ ಎಂದರು. ಅಮೋಗಿ ತಂಗಿಯನ್ನು ಸೈಕಲ್ ಸಮೇತ ಎತ್ತಿ ಕುಣಿದ.

ಆಮೇಲಿನ ನಾಲ್ಕು ದಿನ ಶಾವಂತ್ರವ್ವ ನಗುತ್ತಲೇ ಇದ್ದಳು, ರಾತ್ರಿ ಮಾತ್ರ ನಿದ್ದೆ ಇಲ್ಲ. ಹದಿಮೂರು ವರ್ಷ ತನ್ನ ಸೆರಗು ಹಿಡಿದು ಮಲಗಿದ ಹುಡುಗಿ. ಅಲ್ಲಿ ಯಾರ ಸೆರಗು ಹಿಡಿದಾಳು? ಅಳಬಾರದು, ಅತ್ತರೆ ಹುಡುಗಿ ಹೋಗಲಾರಳು. ಹಾಸ್ಟೆಲಿನವರೆಗೂ ಹೋದರೆ ಗೇಟಿನಲ್ಲೇ ತಾನು ಕುಸಿಯುವುದು ಖಂಡಿತ. ಅದಕ್ಕೇ, ರೊಟ್ಟಿ ಇವೆ, ಬಸ್ಸಿನತನಕ ಮಾತ್ರ ಬರುತ್ತೇನೆ ಎಂದು ಸುಳ್ಳು ಹೇಳಿದ್ದಳು. ವಿಜಾಪುರದಲ್ಲಿ ಗುರುಗಳೇ ಬಂದು ಹುಡುಗಿಯನ್ನು ಇಳಿಸಿಕೊಳ್ಳುವವರಿದ್ದರು.

ಶುಕ್ರವಾರ ಬಸ್ಸು ಬಂತು. ಅಮೋಗಿ ಸೈಕಲ್ಲನ್ನು ಮೇಲೆ ಕಟ್ಟಿದ. ಟ್ರಂಕು ಇಟ್ಟ, ಹಾಸಿಗೆ ಇಟ್ಟ. ಎರಡೇ ನಿಮಿಷ ನಿಲ್ಲಿಸ್ರಿ ಎಂದು ಮನೆಗೆ ಓಡಿದ. ಸಾಬವ್ವ ನೀರು ಕುಡಿಯುವ ಲೋಟ ತಂದ, ಅವಳು ಕೂರುವ ಮಣೆ ತಂದ, ಒಂದನೇ ಇಯತ್ತೆಯಲ್ಲಿ ಬರೆಯುತ್ತಿದ್ದ ಒಡೆದ ಪಾಟಿ ತಂದ, ಅವಳು ಸಾಕಿದ ಬೆಕ್ಕು ತಂದ. ತಂದಿದ್ದನ್ನೆಲ್ಲ ಕಿಟಕಿಯಿಂದ ಒಳಗೆ ಕೊಟ್ಟ. ಕಂಡಕ್ಟರ್ ಬೆಕ್ಕಿಗೆ ಟಿಕೆಟ್ ಹರಿಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ. ಅಮೋಗಿ ಬೆರಳು ಮಡಚಿ ಲೆಕ್ಕ ಹಾಕಿ, ಸುತ್ತ ನೋಡಿದ. ಇನ್ನೇನು ಉಳಿಯಿತು?

ಬಸ್ಸಿನ ಬಾಗಿಲ ಹತ್ತಿರ ತುಟಿ ಕಚ್ಚಿ ನಿಂತ ಅವ್ವ ಕಂಡಳು.

ಬಂದವನೇ ಅವಳನ್ನು ಜೋಳದ ಚೀಲದ ಹಾಗೆ ಎತ್ತಿ, ಮೆಟ್ಟಿಲು ಹತ್ತಿ, ಸಾಬವ್ವನ ಪಕ್ಕದ ಸೀಟಿನಲ್ಲಿ ಕೂರಿಸಿದ. ಇದೇನೋ ಎಂದು ಕಂಡಕ್ಟರ್ ಗದರಿದರೆ, "ಸಾಬವ್ವನ ಅವ್ವರಿ. ಆಕೀಗೆ ಸೇರಿದ್ದು. ಹಿಂದ ಉಳೀಬಾರದು" ಎಂದು ಹೇಳಿ ಇಳಿದುಹೋದ.

ಬಸ್ಸಿಗೆ ಬಸ್ಸೇ ನಕ್ಕಿತು. ಬೈಯಲೆಂದು ಶಾವಂತ್ರವ್ವ ಬಾಯಿ ತೆರೆದಳು. ಅಷ್ಟರಲ್ಲಿ ಸಾಬವ್ವ ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬೈಗಳು ಬರಲಿಲ್ಲ. ನಾಲ್ಕು ದಿನದಿಂದ ತಡೆದಿಟ್ಟ ಅಳು ಬಂತು. ಹೋದರಾಯಿತು, ಗೇಟಿನಲ್ಲಿ ಕುಸಿದರೆ ಕುಸಿಯಲಿ, ಮಗಳ ಹಾಸಿಗೆ ತಾನೇ ಹಾಸಿಕೊಟ್ಟು ಸಂಜೆಗೆ ಬಂದರಾಯಿತು ಎಂದುಕೊಂಡಳು. ಕಂಡಕ್ಟರ್ ಸೀಟಿ ಊದಿದ. ಆಗ ಕಿಟಕಿಯಲ್ಲಿ ನೋಡಿದರೆ ಅಮೋಗಿ ರಸ್ತೆಯ ಮೇಲೆಯೇ ನಿಂತಿದ್ದ, ಕೆಲಸ ಮುಗಿಸಿದವನ ಖುಷಿಯಲ್ಲಿ.

"ಯಪ್ಪಾ, ನೀ ಹತ್ತಲಿಲ್ಲೇನೋ?" ಎಂದು ಕೂಗಿದಳು.

"ನಾ ಸಾಬವ್ವನ ಸಾಮಾನಲ್ಲಬೇ" ಎಂದ ಅಮೋಗಿ. "ನಾ ನಿನ್ನಾಂವ."

ಬಸ್ಸು ಹೊರಟಿತು. ಅಮೋಗಿ ಕೈ ಬೀಸಿದ. ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಏನೋ ಹೊಳೆಯಿತು. ಹೊಳೆದದ್ದೇ ತಡ, ಧೂಳೆಬ್ಬಿಸಿಕೊಂಡು ಬಸ್ಸಿನ ಹಿಂದೆ ಓಡತೊಡಗಿದ.

"ನಿಲ್ಲಸ್ರೀ! ಒಂದ ಸಾಮಾನ ಉಳದೈತ್ರಿ! ನಮ್ಮವ್ವಂದು!"

ಕಂಡಕ್ಟರ್ ಸೀಟಿ ಊದಿದ, ಡ್ರೈವರ್ ಬೈಯುತ್ತ ಬ್ರೇಕು ಹಾಕಿದ. ಬರಿಗೈಯಲ್ಲಿ ಏದುಸಿರುಬಿಡುತ್ತ ಬಂದ ಅಮೋಗಿಯನ್ನು ಮೇಲಿಂದ ಕೆಳಗೆ ನೋಡಿ, ಎಲ್ಲಿದೆಯೋ ಸಾಮಾನು ಎಂದು ಕಂಡಕ್ಟರ್ ಕೇಳಿದ.

"ನಾನಽ ರೀ" ಎಂದು ಅಮೋಗಿ ಬಸ್ಸು ಹತ್ತಿದ.